ಕರ್ತನ ಗಡಿಗೆ

ಇಚಲಕರಂಜಿಯ ನೇಕಾರರ ಗಲ್ಲಿಯಲ್ಲಿ, ಮುದಕವ್ವನ ಮನೆಯ ಒಲೆಯ ಪಕ್ಕದ ಗೂಡಿನಲ್ಲಿ, ಒಂದು ಮಣ್ಣಿನ ಗಡಿಗೆ ಇತ್ತು. ಅದಕ್ಕೆ ಕರ್ತನ ಗಡಿಗೆ, ಅಂದರೆ ದೇವರ ಗಡಿಗೆ, ಎಂದು ಹೆಸರು. ರೊಟ್ಟಿಗೆ ಹಿಟ್ಟು ಕಲಸುವ ಮೊದಲು ಒಂದು ಹಿಡಿ ತೆಗೆದು ಅದಕ್ಕೆ ಹಾಕಬೇಕು. ಶನಿವಾರ ಅದರ ಬಾಯಿಗೆ ಬಿಳಿ ಅರಿವೆ ಕಟ್ಟಿ, ರವಿವಾರ ದೇವಾಲಯಕ್ಕೆ ಒಯ್ಯಬೇಕು. ಅಲ್ಲಿ ಆ ಹಿಟ್ಟು ಸಭೆಯ ವಿಧವೆಯರಿಗೂ ಒಲೆ ಹೊತ್ತದ ಮನೆಗಳಿಗೂ ಹಂಚಿಹೋಗುತ್ತಿತ್ತು. ಊರಿನ ಬೇರೆ ಕ್ರೈಸ್ತರ ಮನೆಗಳಲ್ಲೂ ಇಂಥ ಗಡಿಗೆಗಳಿದ್ದವು. ಆದರೆ ಕಂಠಮಟ ತುಂಬಿ ಬರುತ್ತಿದ್ದದ್ದು ಮುದಕವ್ವನದೊಂದೇ. ದಿನಾ ಹಿಡಿ ಹಾಕಿದ ಮೇಲೆ ಆಕೆ ಅಂಗೈಯಿಂದ ಹಿಟ್ಟನ್ನು ಸಮ ಮಾಡಿ, ಬೆರಳಿನಿಂದ ಅದರ ಮೇಲೊಂದು ಶಿಲುಬೆಯ ಗೆರೆ ಎಳೆಯುತ್ತಿದ್ದಳು. ಭಕ್ತಿಗೆ ಭಕ್ತಿಯೂ ಆಯಿತು, ಕಾವಲಿಗೆ ಕಾವಲೂ ಆಯಿತು.

“ಈ ಗಡಿಗ್ಯಾಗ ಕೈ ತುಂಬಿ ಹೋಗತೈತಿ, ಖಾಲಿ ಬರತೈತಿ,” ಎಂದು ಆಕೆ ಬಂದವರೆದುರು ಹೇಳದ ದಿನವಿಲ್ಲ.

ಮನೆತನ ಬೆಟಗೇರಿ ಕಡೆಯದು. ಆಕೆಯ ಗಂಡ ಅಲ್ಲಿಯ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದು, ಮಗ್ಗದ ಕೂಲಿ ಹುಡುಕಿಕೊಂಡು ಇಲ್ಲಿಗೆ ಬಂದು, ಎರಡು ಮಗ್ಗ ಹೂಡಿ, ಇಬ್ಬರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದ. ಸಭೆಯಲ್ಲಿ ಆಕೆಗೆ ಇಟ್ಟ ಹೆಸರು ಮಾರ್ಥಾ. ಹಾಗೆ ಕರೆದರೆ ಆಕೆಯೇ ತಿರುಗಿ ನೋಡುತ್ತಿರಲಿಲ್ಲ, ಹೀಗಾಗಿ ಪಾದ್ರಿಗಳೂ ಮುದಕವ್ವ ಎಂದೇ ಅನ್ನುತ್ತಿದ್ದರು. ಹಿರಿಯ ಮಗ ದಾವೀದಪ್ಪ ಮನೆಯಲ್ಲೇ ನೇಯುತ್ತಿದ್ದ. ಕಿರಿಯವನು ಸಿಮಿಯೋನ, ಧನಪಾಲ ಶೆಟ್ಟರ ಪಾವರಲೂಮಿನಲ್ಲಿ ಪಾಳಿಯ ಕೆಲಸಕ್ಕಿದ್ದ. ದಾವೀದಪ್ಪನ ಹೆಂಡತಿ ಸಾರವ್ವ ಗಡಹಿಂಗ್ಲಜದ ಹುಡುಗಿ, ಎರಡು ಕೇಳಿದರೆ ಒಂದು ಆಡುವವಳು. ಅವಳ ಮಡಿಲಲ್ಲಿ ಎಸ್ತೇರ ಎಂಬ ಕೈಗೂಸು ಇತ್ತು.

ಮುದಕವ್ವನ ಮನಸ್ಸಿನಲ್ಲಿ ಒಂದು ಹಳೆಯ ಕೊರಗು ಇತ್ತು. ಪ್ರತಿ ವರ್ಷ ಪವಿತ್ರಾತ್ಮನ ಹಬ್ಬಕ್ಕೆ ಕೊಲ್ಹಾಪುರದಿಂದ ಉಜಗರೆ ಪಾದ್ರಿಗಳು ಬಂದು ಆತ್ಮನ ವರಗಳ ಮೇಲೆ ಪ್ರಸಂಗ ಮಾಡುತ್ತಿದ್ದರು. ಒಬ್ಬನಿಗೆ ಬೋಧಿಸುವ ವರ, ಒಬ್ಬನಿಗೆ ರೋಗ ವಾಸಿಮಾಡುವ ವರ, ಇನ್ನೊಬ್ಬನಿಗೆ ಪ್ರವಾದನೆಯ ವರ, ಯಾರೂ ಬರಿಗೈಯವರಲ್ಲ ಎನ್ನುತ್ತಿದ್ದರು. ಹಾಗಾದರೆ ನನ್ನದು ಯಾವುದು ಎಂದು ಮುದಕವ್ವ ಉಪವಾಸ ಕೂತು ಕೇಳಿದಳು, ಮೊಣಕಾಲೂರಿ ಕೇಳಿದಳು, ತಲೆ ನರೆಯುವವರೆಗೆ ಕೇಳಿದಳು. ಉತ್ತರ ಬರಲಿಲ್ಲ. ಜಗಳದಲ್ಲಿ ಆಕೆ ಆಡಿದ ಮಾತು ಹತ್ತಿಕೊಳ್ಳುತ್ತದೆ ಎಂದು ಓಣಿಯ ಹೆಂಗಸರು ಹೆದರುತ್ತಿದ್ದದ್ದು ನಿಜ. ಆದರೆ ಅದನ್ನು ಯಾವ ಪಾದ್ರಿಯೂ ವರಗಳಲ್ಲಿ ಸೇರಿಸಿರಲಿಲ್ಲ.

ಮೂವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಪಕ್ಕದ ಮನೆಯ ಜೋತಿಬಾನ ಮಗನಿಗೆ ಜ್ವರ ಹಿಡಿದು ಬಿಡದಾಯಿತು. ಸಾರವ್ವ ಒಂದು ಸಂಜೆ ಅಂಬಲಿ ಕೊಡಲು ಹೋದವಳು ಹುಡುಗನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಬಂದಳು. ಬೆಳಗಾಗುವುದರಲ್ಲಿ ಹುಡುಗ ಬೆವರಿ, ಎದ್ದು ಕೂತು, ರೊಟ್ಟಿ ಬೇಡಿದ. ಜೋತಿಬಾ ಅದನ್ನು ಚಹಾದ ಅಂಗಡಿಯಲ್ಲಿ ಹೇಳಿದ, ಅಲ್ಲಿಂದ ಅದು ಮಗ್ಗದಿಂದ ಮಗ್ಗಕ್ಕೆ ಹೋಯಿತು. ಮುಂದೆ ಒಬ್ಬ ಮುದುಕಿಯ ಸೊಂಟ ನೆಟ್ಟಗಾಯಿತು, ಒಂದು ಕೂಸು ಮೊಲೆ ಹಿಡಿಯಿತು. ಅಕಿವಾಟದಿಂದ, ದತ್ತವಾಡದಿಂದ ಜನ ಬರತೊಡಗಿದರು. ಸಾರವ್ವನಿಗೆ ವಾಸಿಮಾಡುವ ವರ ಬಂದಿದೆ ಎಂದು ಸಭೆಯ ಹಿರಿಯರು ರವಿವಾರ ಎಲ್ಲರೆದುರು ದೇವರಿಗೆ ಸ್ತೋತ್ರ ಹೇಳಿದರು. ಮುದಕವ್ವನೂ ಹೇಳಿದಳು. ಹೇಳುವಾಗ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ನಡುಮನೆ ಧರ್ಮಶಾಲೆಯಾಯಿತು. ಬಂದವರಿಗೆ ನೀರು ಕೊಡಬೇಕು, ದೂರದವರಿಗೆ ರೊಟ್ಟಿ ಹಾಕಬೇಕು. ಸಾರವ್ವ ರೋಗಿಗಳ ಹತ್ತಿರ ಕೂತರೆ ಬೀಸುವುದು, ನೀರು ತರುವುದು, ದಾವೀದಪ್ಪನಿಗೆ ನೂಲು ಸುತ್ತಿಕೊಡುವುದು ಎಲ್ಲ ಮುದಕವ್ವನ ಕೊರಳಿಗೆ ಬಿತ್ತು. ಯಾರಿಂದಲೂ ಏನೂ ತೆಗೆದುಕೊಳ್ಳಬಾರದು, ಪುಕ್ಕಟೆ ಬಂದದ್ದನ್ನು ಪುಕ್ಕಟೆ ಕೊಡಬೇಕು ಎಂದು ಆಕೆಯೇ ಕಟ್ಟಪ್ಪಣೆ ಮಾಡಿದ್ದಳು. ಹಿಟ್ಟಿನ ಡಬ್ಬಿ ಮಾತ್ರ ಆ ಅಪ್ಪಣೆ ಕೇಳದೆ ಬರಿದಾಗುತ್ತ ಹೋಯಿತು.

“ಪಾಳಿ ಮುಗಿಸಿ ಬಂದ್ರ ಉಣ್ಣಾಕ ಜಾಗಾ ಇಲ್ಲ,” ಎಂದು ಸಿಮಿಯೋನ ಒಂದು ದಿನ ಹೊಸ್ತಿಲಲ್ಲೇ ಕೂತು ತಾಟು ಹಿಡಿದ. “ವರ ವೈನಿಗೆ ಬಂದೈತಿ, ಉಪಾಸ ನಮಗ ಬಂದೈತಿ.”

“ಬಾಯಿ ಮುಚ್ಕೊಂಡ ಉಣ್ಣು,” ಎಂದಳು ಮುದಕವ್ವ. ಬೈದದ್ದು ಮಗನನ್ನಾದರೂ ಅವನು ಆಡಿದ್ದು ತನ್ನದೇ ಮಾತು ಎಂದು ಆಕೆಗೆ ಗೊತ್ತಿತ್ತು.

ಹೀಗಿರುವಾಗ ಒಂದು ಗುರುವಾರ ಮುದಕವ್ವ ಪ್ರಾರ್ಥನಾಕೂಟಕ್ಕೆ ಹೋಗಿದ್ದಳು. ದತ್ತವಾಡದಿಂದ ಒಬ್ಬ ಹೆಂಗಸು ಎರಡು ಮಕ್ಕಳನ್ನು ಕಟ್ಟಿಕೊಂಡು ನಡೆದೇ ಬಂದಿದ್ದಳು. ಮಕ್ಕಳು ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಡಬ್ಬಿಯಲ್ಲಿ ಹಿಟ್ಟಿಲ್ಲ, ಇದ್ದ ಜೋಳವೆಲ್ಲ ಗಿರಣಿಗೆ ಹೋಗಿತ್ತು, ಗಿರಣಿ ಮುಚ್ಚಿತ್ತು. ಸಾರವ್ವ ಬಹಳ ಹೊತ್ತು ಒಲೆಯ ಮುಂದೆ ನಿಂತಳು. ಆಮೇಲೆ ಕರ್ತನ ಗಡಿಗೆಗೆ ಕೈಹಾಕಿ ಮೂರು ಹಿಡಿ ತೆಗೆದು ರೊಟ್ಟಿ ತಟ್ಟಿದಳು. ನಾಳೆ ಗಿರಣಿಯಿಂದ ಹಿಟ್ಟು ಬಂದ ಕೂಡಲೇ ತುಂಬಿ, ಅತ್ತೆಗೆ ತಾನೇ ಹೇಳಬೇಕು ಎಂದುಕೊಂಡಳು.

ಆ ಹೆಂಗಸು ಉಂಡು ಏಳುವಷ್ಟರಲ್ಲಿ ಮೇಲಿನ ಓಣಿಯ ಕಲ್ಲವ್ವ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿಬಂದಳು. ಕಲ್ಲವ್ವನದು ಕ್ರೈಸ್ತರ ಮನೆಯಲ್ಲ. ಅವಳ ಗಂಡನೂ ಶೆಟ್ಟರ ಲೂಮಿನಲ್ಲೇ ಕೂಲಿ. ಮಗುವಿಗೆ ಗಂಟಲು ಕಟ್ಟಿ ಉಸಿರು ಸಿಕ್ಕುತ್ತಿರಲಿಲ್ಲ. ಡಾಕ್ಟರರಿಗೆ ತೋರಿಸಿ ಆಗಿತ್ತು, ಅವರು ಕೈಚೆಲ್ಲಿದ್ದರು. ಸಾರವ್ವ ಎಸ್ತೇರಳನ್ನು ಗಂಡನ ಕೈಗೆ ಕೊಟ್ಟು ಕಲ್ಲವ್ವನ ಜೊತೆ ಅವಳ ಮನೆಗೆ ಹೋದಳು. ಆ ಮಗುವಿನ ತಲೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಮರುದಿನ ಹೊತ್ತೇರುವ ಮೊದಲು ಮಗು ಅವಳ ಕೈಯಡಿಯಲ್ಲೇ ಹೋಯಿತು.

ಶುಕ್ರವಾರ ಸಂಜೆ ಮುದಕವ್ವ ಹಿಡಿ ಹಾಕಲೆಂದು ಗಡಿಗೆಯ ಮುಚ್ಚಳ ತೆಗೆದಳು. ಶಿಲುಬೆಯ ಗೆರೆ ಇರಲಿಲ್ಲ. ಹಿಟ್ಟಿನಲ್ಲಿ ಕೈ ಹೋದ ತಗ್ಗು ಬಿದ್ದಿತ್ತು. ಸಾರವ್ವ ಮಣ್ಣು ಮುಗಿಸಿ ಬಂದು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಳು. ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದಳು. ಆ ಗಳಿಗೆಗೆ ಮುದಕವ್ವ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ವಾರಗಟ್ಟಲೆ ಬೀಸಿದ ಕೈಯ ನೋವು, ರವಿವಾರ ಹೇಳಿದ ಸ್ತೋತ್ರದ ಉರಿ, ಎಲ್ಲ ಒಟ್ಟಿಗೆ ಬಾಯಿಗೆ ಬಂತು.

“ಕರ್ತನ ಪಾಲಿಗೆ ಕೈ ಹಾಕಿದಿ. ಅದಕ್ಕs ಅಂವ ಕೊಟ್ಟ ವರಾ ಹೊಳ್ಳಿ ತಗೊಂಡ. ಆ ಕೂಸು ಹೋಗಿದ್ದು ಅದಕ್ಕs.”

ಸಾರವ್ವ ಒದ್ದೆ ಕೈಗಳನ್ನು ಒಮ್ಮೆ ನೋಡಿಕೊಂಡು ಒಳಗೆ ಹೋದಳು.

ಮರುದಿನದಿಂದ ಅವಳು ರೋಗಿಗಳ ಹತ್ತಿರ ಹೋಗುವುದನ್ನು ಬಿಟ್ಟಳು. ಬಂದವರನ್ನು ದಾವೀದಪ್ಪ ಬಾಗಿಲಲ್ಲೇ ಕೈಮುಗಿದು ಕಳಿಸಿದ. ಕಸ ಹೊಡೆಯುತ್ತಿದ್ದಳು, ನೀರು ತರುತ್ತಿದ್ದಳು, ನೂಲು ಸುತ್ತುತ್ತಿದ್ದಳು. ಆದರೆ ಹಿಟ್ಟು ಕಲಸುತ್ತಿರಲಿಲ್ಲ, ಕರ್ತನ ಗಡಿಗೆಯ ಗೂಡಿನ ಕಡೆ ಸುಳಿಯುತ್ತಿರಲಿಲ್ಲ. ತಾಟಿನ ಮುಂದೆ ಕೂತರೆ ಒಂದು ತುತ್ತು ಮುರಿದು ಅದನ್ನೇ ಬೆರಳಲ್ಲಿ ಹಿಡಿದುಕೊಂಡಿರುತ್ತಿದ್ದಳು. ಎಸ್ತೇರ ಅತ್ತರೆ ಎತ್ತಿಕೊಳ್ಳುವಳು, ಮೊಲೆಗೆ ಹಚ್ಚುವಳು. ತಲೆ ಮಾತ್ರ ನೇವರಿಸುತ್ತಿರಲಿಲ್ಲ. ಮೊದಮೊದಲು ಇದು ಸಂಕಟ, ನಾಲ್ಕು ದಿನಕ್ಕೆ ಹೋಗುತ್ತದೆ ಎಂದುಕೊಂಡ ಮುದಕವ್ವನಿಗೆ, ಆ ಕೂಸಿನ ತಲೆಯ ಮೇಲೆ ತಾಯಿಯ ಕೈ ಬೀಳದ್ದನ್ನು ಕಂಡ ದಿನ ಇದು ಹಾಗೆ ಹೋಗುವಂಥದ್ದಲ್ಲ ಎಂದು ತಿಳಿಯಿತು.

ಜೂನಿನ ಮೊದಲ ರವಿವಾರ ಉಜಗರೆ ಪಾದ್ರಿಗಳು, ತಿಂಗಳಿಗೊಮ್ಮೆ ಸಭೆಯೆಲ್ಲ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬಂದರು. ಹೆಂಗಸರ ಸಾಲಿನಲ್ಲಿ ರೊಟ್ಟಿಯ ತುಣುಕುಗಳ ತಟ್ಟೆ ಬಂದಾಗ ಸಾರವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ತಟ್ಟೆ ಅವಳನ್ನು ದಾಟಿ ಮುಂದೆ ಹೋಯಿತು. ವರ ಬಂದವಳು ಭೋಜನ ಬಿಟ್ಟದ್ದನ್ನು ಇಡೀ ಸಭೆ ನೋಡಿತು.

ಸಂಜೆ ಪಾದ್ರಿಗಳು ಮನೆಗೆ ಬಂದರು. ಅವರು ಮರಾಠಿಯವರು, ಕನ್ನಡವನ್ನು ಅಲ್ಲಲ್ಲಿ ತೇಪೆ ಹಚ್ಚಿ ಆಡುವವರು. ಸಾರವ್ವನನ್ನು ಕೂರಿಸಿಕೊಂಡು ಕಾರಣ ಕೇಳಿದರು. ತಪ್ಪು ಮಾಡಿದೆ, ಅದಕ್ಕೇ ವರ ಹೋಯಿತು ಎಂದಷ್ಟೇ ಅವಳು ಅಂದಾಗ ಅವರು ಮೆಲ್ಲಗೆ ಹೇಳಿದರು.

“ವರ ಅಂದ್ರ ಪಗಾರ ಅಲ್ಲ ಮಗಳ, ತಪ್ಪ ಮಾಡಿದ್ರ ಕಟ್ ಮಾಡಾಕ. ಕೊಟ್ಟಂವನ ಮರ್ಜಿ ಅದು. ಕೆಲವರು ಏಳತಾರ, ಕೆಲವರು ಏಳೂದಿಲ್ಲ. ನಿನ್ನ ಕೈಯಾಗ ಏನೂ ಇದ್ದಿಲ್ಲ, ಈಗ ಹೋಗೂದಕ್ಕ.”

ಸಾರವ್ವ ಹೌದ್ರಿ ಎಂದಳು. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಹೊರಗೆ ಬಂದ ಮೇಲೆ ಪಾದ್ರಿಗಳು ಮುದಕವ್ವನ ಕಡೆ ತಿರುಗಿ, ಈಕೆಯ ತಲೆಯಲ್ಲಿ ಇದನ್ನು ಯಾರು ತುಂಬಿದರು ಎಂದು ಕೇಳಿದರು. “ಕೋಣ್ ಮ್ಹಣಾಲಂ ತಿಲಾ?” ಎಂದು ಮತ್ತೆ ಮರಾಠಿಯಲ್ಲೂ ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಮುದಕವ್ವ ಓಣಿಯವರ ಮೇಲೆ ಹಾಕಿಬಿಡುತ್ತಿದ್ದಳು. ಪಾದ್ರಿಗಳೆದುರು ಸುಳ್ಳು ಏಳಲಿಲ್ಲ.

“ನಾನs ಅಂದೇನ್ರಿ,” ಎಂದಳು.

ಅವರು ಕೊಡೆ ಬಿಚ್ಚಿದರು. “ಹಂಗಾದ್ರ ನನ್ನ ಪ್ರಸಂಗದಿಂದ ಆಗೂದಿಲ್ಲ, ಮುದಕವ್ವಬಾಯಿ. ಮಾತು ನಿಮ್ಮದು. ಅದನ್ನ ನೀವs ತೆಗೀಬೇಕು.”

ಮುದಕವ್ವ ಜನ್ಮದಲ್ಲಿ ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ. ಆದರೂ ಮರುದಿನ ರಾಟಿಯ ಮುಂದೆ ಕೂತ ಸೊಸೆಯ ಪಕ್ಕಕ್ಕೆ ಹೋಗಿ, ಆವತ್ತು ಸಿಟ್ಟಿನಲ್ಲಿ ಅಂದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ಸಾರವ್ವ ರಾಟಿ ನಿಲ್ಲಿಸಿದಳು.

“ಸಿಟ್ಟಿನ್ಯಾಗs ಖರೇ ಮಾತು ಬಾಯಿಗೆ ಬರತೈತ್ರಿ, ಅತ್ತಿ,” ಎಂದು ಮತ್ತೆ ತಿರುಗಿಸತೊಡಗಿದಳು.

ಮಳೆ ಹಿಡಿಯಿತು. ಗಂಜಿ ಹಚ್ಚಿದ ನೂಲು ಒಣಗದೆ ಮಗ್ಗ ಅರ್ಧ ದಿನ ನಿಲ್ಲುತ್ತಿತ್ತು. ಸಾರವ್ವನ ಕೊರಳೆಲುಬುಗಳು ಎದ್ದು ಕಂಡವು. ಹಾಲು ಬತ್ತಿತು. ಎಸ್ತೇರ ಹೊತ್ತಲ್ಲದ ಹೊತ್ತಿನಲ್ಲಿ ಕಿರುಚಿ ಅಳುತ್ತಿದ್ದಳು, ಮುದಕವ್ವ ಅವಳಿಗೆ ಮೇಕೆಯ ಹಾಲು ಕಾಸಿ ಅರಿವೆಯ ತುದಿಯಿಂದ ಹನಿಸುತ್ತಿದ್ದಳು. ಒಂದು ಮಧ್ಯಾಹ್ನ ದಾವೀದಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತ. ತಾಯಿಗೆ ಎದುರಾಡಿದವನಲ್ಲ ಅವನು.

“ಯವ್ವಾ, ನೀ ಬಡಿಸಿದ ಒಂದು ಮಾತು ಉಂಡಾಳ ಆಕಿ. ಅದs ಹೊಟ್ಟಿ ತುಂಬಿ ಕುಂತೈತಿ. ಬ್ಯಾರೇದು ಒಳಗ ಹೋಗವಲ್ದು.”

“ತಪ್ಪಾತಂತ ಅಂದೇನಲ್ಲೋ.”

“ಅಂದ್ರ ಆತೇನು?” ಎಂದ ಅವನು. “ನಾ ಹೇಂತೀನ ಗಡಹಿಂಗ್ಲಜಕ್ಕ ಕಳಿಸ್ತೇನಿ. ಇಲ್ಲೇ ಇದ್ರ ಉಳಿಯೂದಿಲ್ಲ.”

ಅದೇ ವಾರ ಕಲ್ಲವ್ವ ಬಂದಳು. ಮೊದಲು ಎರಡು ಸಲ ಬಂದಾಗಲೂ ಅವಳ ದನಿ ಕೇಳಿದ ಕೂಡಲೇ ಸಾರವ್ವ ಹಿತ್ತಲಿಗೆ ಹೋಗಿ ಕೂತಿದ್ದಳು. ಈ ಸಲವೂ ಹೋದಳು. ಕಲ್ಲವ್ವ ಹೊಸ್ತಿಲು ದಾಟದೆ ಮಳೆಯಲ್ಲೇ ನಿಂತು ಮುದಕವ್ವನನ್ನು ಕೇಳಿದಳು: “ಆವತ್ತ ನನ್ನ ಜೋಡಿ ಕುಂತಾಕಿ ಆಕಿ ಒಬ್ಬಾಕಿನs. ನಮ್ಮವರು ಸೈತ ಹೆದರಿ ದೂರ ನಿಂತಿದ್ರು. ಈಗ ಆಕಿ ನನ್ನ ಮಾರಿ ನೋಡವಲ್ಲಳು. ಕೂಸು ಕಳಕೊಂಡಾಕಿ ಅಂತ ನನಗ ದೂರ ಮಾಡ್ಯಾಳೇನ್ರಿ?”

ಮುದಕವ್ವನಿಗೆ ತಾನು ಆಡಿದ ಮಾತು ಎರಡು ಮನೆ ಸುಡುತ್ತಿದೆ ಎಂದು ಆಗ ಕಂಡಿತು. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಅದರ ಮೇಲೆ ಜುಲೈ ತಿಂಗಳ ಭೋಜನ ಹತ್ತಿರ ಬರುತ್ತಿತ್ತು. ಈ ಸಲವೂ ಸಾರವ್ವ ರೊಟ್ಟಿ ಮುಟ್ಟದಿದ್ದರೆ ಸಭೆಯೆದುರು ನಿಲ್ಲಿಸಿ ಕಾರಣ ಕೇಳುವುದಾಗಿ ಹಿರಿಯರು ದಾವೀದಪ್ಪನಿಗೆ ಹೇಳಿಕಳಿಸಿದ್ದರು. ಕೇಳಿದರೆ ಈ ಹುಡುಗಿ ಮುಚ್ಚಿಡುವವಳಲ್ಲ. ಕರ್ತನದನ್ನು ಕದ್ದೆ, ಒಂದು ಕೂಸನ್ನು ಕೊಂದೆ ಎಂದು ಎಲ್ಲರೆದುರು ಹೇಳಿ, ಆಮೇಲೆ ಆ ಮಾತಿನೊಳಗೇ ಹೂತುಹೋಗುತ್ತಾಳೆ. ಮುದಕವ್ವ ಪ್ರಾರ್ಥನೆಗೆ ಕೂತಳು. ಈ ಸಲ ವರ ಬೇಡಲಿಲ್ಲ, ಸೊಸೆಯನ್ನು ಬೇಡಿದಳು.

ಭೋಜನದ ಹಿಂದಿನ ಶನಿವಾರ ಸಂಜೆ ಸಿಮಿಯೋನ ಶೆಟ್ಟರಿಂದ ವಾರದ ಪಗಾರ ತಂದಿದ್ದ. ಡಬ್ಬಿಯ ತುಂಬ ಹೊಸ ಹಿಟ್ಟು ಇತ್ತು. ಗಡಿಗೆಯೂ ಕಂಠಮಟ ತುಂಬಿ, ಮೇಲೆ ಶಿಲುಬೆಯ ಗೆರೆ ಎಳೆದಿತ್ತು, ಬಾಯಿಗೆ ಅರಿವೆ ಕಟ್ಟುವುದೊಂದು ಬಾಕಿ. ಗಂಡಸರು ಊಟಕ್ಕೆ ಕೂತಿದ್ದರು. ಸಾರವ್ವ ಗೋಡೆಗೆ ಒರಗಿ ಕೂತಿದ್ದಳು, ಎದುರಿಗೆ ಬರಿಯ ತಾಟು.

ಮುದಕವ್ವ ಹಿಟ್ಟು ಕಲಸುವ ಪರಾತವನ್ನು ಗೂಡಿನ ಕೆಳಗೆ ಇಟ್ಟು ಗಡಿಗೆಯ ಮುಚ್ಚಳ ತೆಗೆದಳು. ಎಲ್ಲರೂ ನೋಡುತ್ತಿದ್ದಂತೆ ಶಿಲುಬೆಯ ಗೆರೆಯ ನಡುವೆ ಕೈಯಿಳಿಸಿ ಒಂದು ಹಿಡಿ ಹಿಟ್ಟು ತೆಗೆದಳು. ಮತ್ತೊಂದು ಹಿಡಿ, ಮತ್ತೊಂದು. ಸಿಮಿಯೋನನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಯವ್ವಾ, ಡಬ್ಬ್ಯಾಗ ಹಿಟ್ಟ ಐತಿ,” ಎಂದ ದಾವೀದಪ್ಪ.

“ಗೊತ್ತೈತಿ.”

ಆಕೆ ಬಿಸಿನೀರು ಹಾಕಿ ನಾದಿದಳು, ತಟ್ಟಿದಳು, ಹಂಚಿನ ಮೇಲೆ ಹಾಕಿದಳು. ರೊಟ್ಟಿಯ ಅಂಚು ಹರಿಯಿತು. ಅಷ್ಟು ವರ್ಷ ಆ ಗಡಿಗೆಯ ಮೇಲೆ ಕಟ್ಟಿದ ಹೆಮ್ಮೆ ತನ್ನ ಕೈಯಿಂದಲೇ ಬೀಳುತ್ತಿದೆ ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ತಿರುವಿ ಹಾಕಿದಳು. ಬೆಂದ ರೊಟ್ಟಿಗೆ ಬೆಣ್ಣೆ ಸವರಿ ಸೊಸೆಯ ತಾಟಿನಲ್ಲಿಟ್ಟು ಅವಳ ಎದುರೇ ನೆಲಕ್ಕೆ ಕೂತಳು.

ಸಾರವ್ವ ಹಿಂದಕ್ಕೆ ಸರಿದಳು. “ಬ್ಯಾಡ್ರಿ ಅತ್ತಿ. ಅದು ಬಡವರ ಪಾಲ.”

“ಹೌದು, ಬಡವರ ಪಾಲ. ಕರ್ತನ ಹೆಸರೀಲೆ ಇಟ್ಟದ್ದು ಬಡವರ ಸಲುವಾಗಿ.” ಮುದಕವ್ವ ತಾಟನ್ನು ಮತ್ತೆ ಅವಳತ್ತ ಸರಿಸಿದಳು. “ದತ್ತವಾಡದ ಆ ಹಸದ ಮಕ್ಕಳಿಗೆ ನೀ ಕೊಟ್ಟದ್ದು ಅವರ ಪಾಲs. ಅಂವ ಇಟ್ಟದ್ದನ್ನ ನೀ ಅಂವನ ಮಂದಿಗೆ ಹಾಕಿದಿ. ಗೆರಿ ಅಳಿಸಿದ್ದು ನೋಡಿದೆ ನಾ, ಉಂಡ ಹೊಟ್ಟಿ ನೋಡಲಿಲ್ಲ. ಕೂಸಿನ ಜೀವಾ ಅಂವನ ಕೈಯಾಗಿತ್ತು. ಅದನ್ನ ನಿನ್ನ ಕೈಗೆ ಕಟ್ಟಿದಾಕಿ ನಾನು.”

“ಹಂಗಂದ್ರೂ ಇದು ನಂದಲ್ರಿ. ನಾ ಎಲ್ಲಿ ಬಡವಿ?”

“ಹಾಲಿಲ್ಲ, ನಿದ್ದಿ ಇಲ್ಲ, ಕೂಸಿನ ತಲಿ ಮ್ಯಾಲ ಇಡಾಕ ಒಂದ ಕೈ ಸೈತ ಇಲ್ಲ ನಿನಗ. ಈ ಊರಾಗ ಇವತ್ತ ನಿನಗಿಂತ ಬಡವಿ ಯಾರ ಅದಾಳ, ಹೇಳು? ನಿನ್ನ ಪಾಲ ನಿನಗ ಕೊಡಾಕತ್ತೇನಿ. ಉಣ್ಣವಾ.”

ಮುದಕವ್ವ ತುತ್ತು ಮುರಿದು ಸೊಸೆಯ ಬಾಯಿಯ ಹತ್ತಿರ ಹಿಡಿದಳು. ಸಾರವ್ವ ಆ ಕೈಯನ್ನೇ ನೋಡಿದಳು. ಅದರ ಬೆರಳಸಂದಿಯಲ್ಲಿ ಕರ್ತನ ಗಡಿಗೆಯ ಹಿಟ್ಟು ಇನ್ನೂ ಹತ್ತಿಕೊಂಡಿತ್ತು. ಆಮೇಲೆ ಬಾಯಿ ತೆರೆದಳು. ಎರಡನೆಯ ತುತ್ತಿಗೆ ಅಳು ಬಂತು, ಕಲ್ಲವ್ವನ ಕೂಸು ಹೋದ ದಿನದಿಂದ ಹಿಡಿದಿಟ್ಟ ಅಳು ಅದು. ಅಳುತ್ತಲೇ ತಿಂದಳು. ದಾವೀದಪ್ಪ ಎದ್ದು ಮಗ್ಗದ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡ.

ಅರ್ಧ ರೊಟ್ಟಿ ತಿಂದು ಸಾರವ್ವ ಉಳಿದರ್ಧವನ್ನು ಅರಿವೆಯಲ್ಲಿ ಕಟ್ಟಿದಳು. ಕಲ್ಲವ್ವನ ಮನೆಗೆ ಹೋಗಿ ಬರುತ್ತೇನೆ ಎಂದಳು. ಹೊರಗೆ ಮಳೆ ಜಿನುಗುತ್ತಿತ್ತು. ಮುದಕವ್ವ ಎಸ್ತೇರಳನ್ನು ಸೊಂಟಕ್ಕೇರಿಸಿಕೊಂಡು, ಸೊಸೆ ಗೋಣಿ ಕೊಪ್ಪೆ ಹೊದ್ದು ಮೇಲಿನ ಓಣಿಗೆ ತಿರುಗುವವರೆಗೆ ಬಾಗಿಲಲ್ಲಿ ನಿಂತಳು. ಒಳಗೆ ಬಂದು ಗಡಿಗೆಯ ಹಿಟ್ಟನ್ನು ಸಮ ಮಾಡಲಿಲ್ಲ. ಗೆರೆಯನ್ನೂ ಎಳೆಯಲಿಲ್ಲ. ತಗ್ಗು ಬಿದ್ದದ್ದನ್ನು ಹಾಗೆಯೇ ಬಿಟ್ಟು ಅರಿವೆ ಕಟ್ಟಿದಳು.

ರವಿವಾರ ದೇವಾಲಯದ ಜಗಲಿಯಲ್ಲಿ ಎಲ್ಲರ ಗಡಿಗೆಗಳೂ ಸಾಲಾಗಿ ಕೂತವು. ಅರಿವೆ ಬಿಚ್ಚಿದ ಹಿರಿಯರು ಮುದಕವ್ವನ ಗಡಿಗೆಯೊಳಗೆ ನೋಡಿ, ಮತ್ತೆ ಆಕೆಯ ಮುಖ ನೋಡಿದರು. ಈ ವಾರ ಕಡಿಮೆ ಬಂದಿದೆಯಲ್ಲ ಎಂದರು. ಹೆಂಗಸರೆಲ್ಲ ಕತ್ತು ತಿರುಗಿಸಿದರು.

“ನಮ್ಮ ಮನ್ಯಾಗ ಒಬ್ಬಾಕಿ ಉಪಾಸ ಇದ್ದಳ್ರಿ,” ಎಂದಳು ಮುದಕವ್ವ. “ಆಕಿಗೆ ಕೊಟ್ಟೇನಿ.”

ಮತ್ತೆ ಯಾರಾದರೂ ಏನಾದರೂ ಕೇಳುವ ಮೊದಲೇ ಆಕೆ ಒಳಗೆ ಹೋಗಿ ಚಾಪೆಯ ಮೇಲೆ ಸೊಸೆಯ ಪಕ್ಕ ಕೂತಳು. ಉಜಗರೆ ಪಾದ್ರಿಗಳು ಪ್ರಾರ್ಥನೆ ಮಾಡಿ ರೊಟ್ಟಿ ಮುರಿದರು. ತಟ್ಟೆ ಹೆಂಗಸರ ಸಾಲಿಗೆ ಬಂತು, ಕೈಯಿಂದ ಕೈಗೆ ಸರಿಯುತ್ತ ಹತ್ತಿರವಾಯಿತು. ಎಸ್ತೇರ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮುದಕವ್ವ ತಲೆಯೆತ್ತಿ ನೋಡುವ ಧೈರ್ಯ ಮಾಡಲಿಲ್ಲ, ಕೂಸಿನ ಮುಖವನ್ನೇ ನೋಡುತ್ತ ಕೂತಳು. ಸಾರವ್ವನ ಎಡಗೈ ಆ ಕೂಸಿನ ತಲೆಯ ಮೇಲಿತ್ತು. ತಟ್ಟೆ ಬಂದು ನಿಂತಾಗ ಅವಳ ಬಲಗೈ ಸೆರಗಿನಿಂದ ಹೊರಗೆ ಬಂತು.